ರಾಣಿಯ ಹಸಿರು ಜಡೆ

ಕಲ್ಲೂ ಕಿವಿಗೊಟ್ಟು ಕೇಳುತ್ತಿದ್ದ ಕಾಲದಲ್ಲಿ ಸಿರಿಮುಡಿ ಎಂಬ ರಾಜ್ಯವಿತ್ತು. ನರೆತ ತಲೆಯವರು ಸಿಂಹಾಸನದಲ್ಲಿ ಕೂತರೆ ಅದರ ಕಲ್ಲುಸಿಂಹಗಳು ಜೀವ ತಳೆದು ಅವರನ್ನು ನುಂಗಿಬಿಡುತ್ತಿದ್ದವು. ಇನ್ನೊಂದು ಕಟ್ಟಳೆಯೂ ಇತ್ತು: ಅರಸರನ್ನು ಯಾರೂ ಏನನ್ನೂ ಕೇಳಕೂಡದು. ಕೇಳಿದವರ ನಾಲಿಗೆ ಕತ್ತರಿಸುತ್ತಿದ್ದರು.

ಒಂದು ಬೆಳಗ್ಗೆ ರಾಣಿ ಹೊನ್ನಾಂಬಿಕೆ ಎದ್ದು ನೋಡಿದರೆ ತಲೆಯೆಲ್ಲ ಹತ್ತಿಯಂತೆ ಬೆಳ್ಳಗಾಗಿತ್ತು. ಸಂಜೆಗೆ ಒಡ್ಡೋಲಗ. ಆಸ್ಥಾನದ ಮಾಂತ್ರಿಕ ಧೂಮಕ, ಇನ್ನು ಪಟ್ಟ ತನ್ನದೇ ಎಂದು ಮೀಸೆ ತಿರುವುತ್ತಿದ್ದ. ಕೂದಲಿಗೆ ಬಣ್ಣ ಹಚ್ಚುವ ಬೊಮ್ಮಕ್ಕನಿಗೆ ಕರೆ ಹೋಯಿತು.

ಬೊಮ್ಮಕ್ಕ ಗೋರಂಟಿ ಮೆತ್ತಿ ತೊಳೆದು, ಮೇಲೆ ನೀಲಿಸೊಪ್ಪು ಮೆತ್ತಿದಳು. ಕಪ್ಪಾಗಬೇಕಾದ ಜಡೆ ಗಿಣಿಹಸಿರಾಯಿತು. ಅದರಲ್ಲಿ ಚಿಗುರೊಡೆದು ಹಕ್ಕಿಗಳು ಬಂದು ಕೂತವು. ಸೀಗೆಯಲ್ಲಿ ತೊಳೆದು ಮತ್ತೆ ಮೆತ್ತಿದಳು. ಈ ಸಲ ಜಡೆ ಕೆಂಡಗೆಂಪಾಗಿ ಉರಿಯಿತು, ಆದರೆ ಏನನ್ನೂ ಸುಡಲಿಲ್ಲ. ಇಂಥ ಕೂದಲನ್ನು ಬೊಮ್ಮಕ್ಕ ಹುಟ್ಟಿದಾರಭ್ಯ ಕಂಡಿರಲಿಲ್ಲ. ಭಯ ಮರೆತು, ಬೆರಗಾಗಿ ಕೈಮುಗಿದು ನಿಂತಳು.

ಆಮೇಲೆ ಯೋಚಿಸಿದಳು. ಸೊಪ್ಪಿನಲ್ಲಿ ತಪ್ಪಿಲ್ಲ, ಕೂದಲಿನಲ್ಲಿ ಮೊದಲೇ ಬೇರೇನೋ ಕೂತಿದೆ. ಅದೇನೆಂದು ತಿಳಿಯದೆ ಮೂರನೆಯ ಸಲ ಮೆತ್ತುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕೇಳಿದರೆ ತನ್ನ ನಾಲಿಗೆ ಹೋಗುತ್ತದೆ, ಕೇಳದಿದ್ದರೆ ರಾಣಿಯೇ ಹೋಗುತ್ತಾಳೆ.

“ತಾಯೀ, ನನಗಿಂತ ಮೊದಲು ಈ ತಲೆಗೆ ಏನು ಹಚ್ಚಿದ್ದಿರಿ?”

ದಾಸಿಯರು ಬಾಯಿ ಮುಚ್ಚಿಕೊಂಡರು. ರಾಣಿ ಅವರನ್ನು ಹೊರಗೆ ಕಳಿಸಿ ಹೇಳಿದಳು.

“ನಿನ್ನೆ ರಾತ್ರಿ ಧೂಮಕ ಕೊಟ್ಟ ಎಣ್ಣೆ. ಹಚ್ಚಿದರೆ ಎಂದೂ ನರೆಯುವುದಿಲ್ಲ ಅಂದಿದ್ದ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಎಣ್ಣೆಯ ಮೇಲೆ ಬಣ್ಣ ಕೂರುವುದಿಲ್ಲ, ತಾಯಿ.”

ಬೊಮ್ಮಕ್ಕ ಕಡಲೆಹಿಟ್ಟು, ಅಂಟುವಾಳ ಹಾಕಿ ಚೆನ್ನಾಗಿ ತಿಕ್ಕಿದಳು. ಎಣ್ಣೆಯೆಲ್ಲ ಇಳಿದು ಬಚ್ಚಲಲ್ಲಿ ಕರಿನಾಗರವಾಯಿತು. ಅದು ಹೆಡೆಯೆತ್ತಿ ಹರಿಯುತ್ತಾ ಹೋಗಿ ತನ್ನ ಒಡೆಯ ಧೂಮಕನನ್ನೇ ಸುತ್ತಿಕೊಂಡಿತು. ಹಾವಿನೊಡನೆ ಅವನೂ ಹೊಗೆಯಾಗಿ ಹೋದ. ಮಾಡಿದ್ದುಣ್ಣೋ ಮಹಾರಾಯ!

ಮೂರನೆಯ ಸಲ ಬಣ್ಣ ಸೊಗಸಾಗಿ ಕೂತಿತು. ಸಂಜೆ ಕಲ್ಲುಸಿಂಹಗಳು ಕಲ್ಲಾಗಿಯೇ ಇದ್ದವು. ರಾಣಿ ಆ ಹಳೆಯ ಕಟ್ಟಳೆಯನ್ನು ತೆಗೆದುಹಾಕಿದಳು. ಇನ್ನು ತನ್ನನ್ನು ಯಾರು ಏನು ಬೇಕಾದರೂ ಕೇಳಬಹುದು ಎಂದು ಸಾರಿದಳು. ಸಭೆಯವರೆಲ್ಲ ತಮ್ಮ ತಮ್ಮ ನಾಲಿಗೆ ಮುಟ್ಟಿ ನೋಡಿಕೊಂಡರು. ಕೊನೆಗೆ ಬೊಮ್ಮಕ್ಕನೇ ಎದ್ದಳು.

“ತಾಯೀ, ಊಟ ಆಯ್ತಾ?”

ಊರಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಈ ಮಾತನ್ನು ರಾಣಿಯ ಬಳಿ ಅಂದಿನವರೆಗೆ ಯಾರೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. “ಇಲ್ಲ ಕಣವ್ವ” ಎಂದಳು. ಅವತ್ತು ಊರಿಗೆ ಊರೇ ರಾಣಿಯ ಪಂಕ್ತಿಯಲ್ಲಿ ಕೂತು ಉಂಡಿತು, ಆಮೇಲೂ ಉಂಡುಟ್ಟು ಸುಖವಾಗಿ ಬಾಳಿತು.