ಬೆನ್ನ ಹಿಂದಿನ ಕೈ

"ಎಲ್ಲಾ ಬದಲು ಮಾಡು ತಮ್ಮಾ, ಬ್ಯಾಡನ್ನಂಗಿಲ್ಲ. ಈ ಕರಿದಾರ ಸುತ್ತಿದ್ದೊಂದು ಮುಟ್ಟಬ್ಯಾಡ."

ಹೂವಮ್ಮ ಬೆರಳು ಚಾಚಿದಳೇ ಹೊರತು ತಾಗಿಸಲಿಲ್ಲ. ಹೊಳಗುಂದದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ವಾಲ್ವ್ ಆಂಪ್ಲಿಫೈಯರ್ ರುದ್ರೇಶನ ಮೇಜಿನ ಮೇಲೆ ಹೊಟ್ಟೆ ಮೇಲಾಗಿ ಬಿದ್ದಿತ್ತು. ತಂತಿಗಳ ನಡುವೆ ಹೆಬ್ಬೆರಳು ಗಾತ್ರದ ಮೇಣದ ಕೆಪಾಸಿಟರ್. ಅದರ ಸೊಂಟಕ್ಕೆ ಏಳು ಸುತ್ತು ಕರಿದಾರ.

"ಅವ್ವಾ, ಇಂಥದ್ದು ಒಳಗಿದ್ರ ಸೆಟ್ಟು ಗುಂಯ್ ಅಂತೈತಿ. ಇದನ್ನ ಬಿಟ್ಟು ರಿಪೇರಿ ಮಾಡಿದ್ರ ನನ್ನ ಮೇಸ್ತ್ರಿ ಅಂತಾರೇನು?"

"ಆ ಗುಂಯ್ ಬೇಕಂತs ತಂದೀನಿ. ಎಂಟು ದಿನ ಆತು, ಪೆಟಿಗಿ ಸುಮ್ಮಾಗೈತಿ. ಅದು ನಮ್ಮ ಮನಿಯವರ ದನಿ."

ರುದ್ರೇಶ ನಕ್ಕ. "ಸತ್ತವರು ಕರೆಂಟಿನ ಮ್ಯಾಲೆ ಅದಾರೇನು? ಹಂಗಾದ್ರ ಬಿಲ್ಲೂ ಅವರ ಹೆಸರಿಗೇ ಬರತೈತೇನು?"

ಹೂವಮ್ಮ ನಗಲಿಲ್ಲ. ಅವಳ ಗಂಡ ಚಂದ್ರಣ್ಣ ಊರೂರಿನ ಪುರಾಣಕ್ಕೆ ಮೈಕ್ ಸೆಟ್ ಹಚ್ಚುತ್ತಿದ್ದವನು. ಹೋದರೆ ತಿಂಗಳುಗಟ್ಟಲೆ ಮನೆಯ ನೆನಪಿಲ್ಲ. ಹಾಲಹರವಿಯ ಒಬ್ಬ ಮಂತ್ರಗಾರ ಗಂಡಹೆಂಡಿರಿಬ್ಬರ ಕೂದಲು, ಇಬ್ಬರ ಕೈಯುಗುರು ಕೇಳಿದ್ದ. ಮೇಣದಲ್ಲಿ ಸುತ್ತಿ, ಚಂದ್ರಣ್ಣ ಬಿಟ್ಟಿರಲಾರದ ಈ ಪೆಟ್ಟಿಗೆಯಲ್ಲೇ ಕೂರಿಸಿದ್ದ.

"ಆಮ್ಯಾಲೆ ಹೊಸ್ತಿಲಾ ದಾಟಲಿಲ್ಲ ನೋಡು. ಸತ್ತು ಒಂಬತ್ತು ವರ್ಷಾತು, ಈಗೂ ದಾಟಿಲ್ಲ. ಮಲಗೋ ಮುಂದ ಬಟನ್ ಒತ್ತತೀನಿ. ಗುಂಯ್ ಅಂತಾರ. ನಿದ್ದಿ ಬರತೈತಿ." ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು. "ಒಂಬತ್ತs ಉಗುರು ಹಾಕಿದ್ವಿ ಅವರವು. ಎಡಗೈ ಹೆಬ್ಬೆರಳಿನದು ಷಾಕ್ ಹೊಡದು ಮೊದಲs ಹೋಗಿತ್ತು."

ಅವಳು ಬಸ್ಸಿಗೆ ಹೋದಳು.

ರುದ್ರೇಶ ರಾಯಚೂರು ಬಿಟ್ಟು ಆಂಧ್ರದ ಆದವಾನಿಗೆ ಬಂದು ಎಂಟು ತಿಂಗಳು. ಹೆಂಡತಿ ಭುವನಾ ತೀರಿಕೊಂಡ ಮೇಲೆ ಅವಳ ಗುರುತಿರದ ಊರು ಬೇಕಿತ್ತು, ಸಿಕ್ಕಿತ್ತು. ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಈ ಕೋಣೆಯಲ್ಲೇ ಕೆಲಸ, ಇಲ್ಲೇ ಚಾಪೆ. ಇಡೀ ದಿನ ಅವನೊಡನೆ ಮಾತಾಡುತ್ತಿದ್ದುದು ಕೆಟ್ಟ ರೇಡಿಯೋಗಳು ಮಾತ್ರ.

ಮಟಮಟ ಮಧ್ಯಾಹ್ನ. ಮಿಲ್ಲಿನಿಂದ ಹತ್ತಿಯ ಎಳೆ ಹಾರಿ ಬಂದು ಬೆಸುಗೆಗೆ ಅಂಟುತ್ತಿತ್ತು. ಶಟರ್ ಎಳೆದ. ದೀಪದ ಒಂದು ವರ್ತುಲ ಬಿಟ್ಟರೆ ಕೋಣೆಯೆಲ್ಲ ಕತ್ತಲೆ. ಉಳಿದ ಕೆಪಾಸಿಟರುಗಳನ್ನು ಬದಲಿಸಿ ಸ್ವಿಚ್ ಹಾಕಿದ. ವಾಲ್ವುಗಳು ಕೆಂಡದಂತೆ ಹೊತ್ತಿಕೊಂಡವು. ಬಿಸಿ ಧೂಳಿನ ವಾಸನೆ. ಗುಂಯ್...

ಅಲ್ಲಿಗೇ ನಿಲ್ಲಿಸಬಹುದಿತ್ತು. ಹೂವಮ್ಮ ಕೇಳಿದ್ದು ಅಷ್ಟೇ. ಆದರೆ ಅವನ ಕಿವಿಗೆ ಅದು ದನಿಯಲ್ಲ, ದೋಷ.

ಸ್ವಿಚ್ ಆರಿಸಿ, ಒಳಗೆ ಕೂತಿದ್ದ ಕರೆಂಟನ್ನು ಇಳಿಸಿ, ಕರಿದಾರ ಕತ್ತರಿಸಿದ. ಬೆಸುಗೆ ಕಡ್ಡಿ ತಾಗಿದೊಡನೆ ಮೇಣ ಕರಗಿತು. ಸುಟ್ಟ ಕೂದಲಿನ ನಾತ ಗಂಟಲಿಗಿಳಿಯಿತು. ಕೆಪಾಸಿಟರಿನೊಳಗೆ ಇರಬೇಕಾದ ಕಾಗದವಿಲ್ಲ, ತಗಡಿಲ್ಲ. ಸೀರೆಯ ಚಿಂದಿ, ಒಂದಕ್ಕೊಂದು ಹೆಣೆದ ಇಬ್ಬರ ಕೂದಲು, ಹಳದಿಗಟ್ಟಿದ ಉಗುರುಗಳು. "ಇದರಾಗ ಕರೆಂಟ್ ಸೋಸತೈತೇನು!" ಎಂದು ಗಟ್ಟಿಯಾಗಿ ನಕ್ಕ. ಜೊತೆಗೆ ನಗುವವರಿರಲಿಲ್ಲ. ಹೊಸದನ್ನು ಕೂರಿಸಿದ.

ಸ್ವಿಚ್ ಹಾಕಿ, ಎಡಗೈಯನ್ನು ಬೆನ್ನ ಹಿಂದಿಟ್ಟು, ಬಲಗೈಯಲ್ಲಿ ಮೀಟರಿನ ಕಡ್ಡಿ ಹಿಡಿದು ಬಗ್ಗಿದ. ಗುರು ಚಿನ್ನಪ್ಪ ಬಡಿದು ಕಲಿಸಿದ್ದ ಪಾಠ ಅದು: ಸ್ವಿಚ್ ಹಾಕಿದ ಸೆಟ್ಟಿನೊಳಗೆ ಎರಡು ಕೈ ಹಾಕಿದರೆ ಕರೆಂಟು ಎದೆಯನ್ನು ಹಾಯುತ್ತದೆ.

ಗುಂಯ್ ಇಲ್ಲ. ಮಿಲ್ಲಿನ ಸದ್ದೂ ಇಲ್ಲ. ದೀಪ ಹೋಯಿತು.

ಬೆನ್ನ ಹಿಂದೆ, ಬಿಚ್ಚಿದ್ದ ಅಂಗೈಯೊಳಕ್ಕೆ, ಇನ್ನೊಂದು ಕೈ ಬಂದು ಕೂತಿತು.

ತಣ್ಣಗಿತ್ತು. ಒರಟಾಗಿತ್ತು. ಮೆತ್ತಗೆ ಹಿಡಿದಿತ್ತು.

ಕೂಗಬೇಕಿತ್ತು. ಕೊಡವಿಕೊಳ್ಳಬೇಕಿತ್ತು. ಆದರೆ ಅವನ ಕೈಯನ್ನು ಯಾರೂ ಹಿಡಿದು ಎರಡು ವರ್ಷವಾಗಿತ್ತು. ಒಂದೇ ಒಂದು ಉಸಿರಿನ ಹೊತ್ತು ಅವನೂ ಹಿಡಿದ.

ಹಿಡಿತ ಬಿಗಿಯಿತು. ಮೂಳೆ ಕಟಕಟ ಎಂದಿತು. ಎಳೆದ. ಬರಲಿಲ್ಲ. ತಿರುಗಿದ. ಅದೂ ತಿರುಗಿತು. ಬಲಗೈಯಿಂದ ಅದರ ಬೆರಳು ಒಂದೊಂದಾಗಿ ತಡವಿದ. ಹೆಬ್ಬೆರಳಿಗೆ ಉಗುರಿರಲಿಲ್ಲ.

ಆ ಕೂದಲಿನ ಗಂಟನ್ನು ಜೇಬಿಗೆ ತುರುಕಿ ಬಸ್ಸು ಹತ್ತಿದ. ಹೊಳಗುಂದದಲ್ಲಿ ಇಳಿಯುವಾಗ ಆ ಕೈಯ ಚಳಿ ಅವನ ಮೊಣಕೈಗೆ ಏರಿತ್ತು.

ಬಾಗಿಲು ತೆರೆದ ಹೂವಮ್ಮ ಅವನನ್ನು ನೋಡಲಿಲ್ಲ. ಅವನ ಬೆನ್ನ ಹಿಂದೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಬಂದ್ರೇನ್ರಿ?"

"ಅವ್ವಾ, ತಪ್ಪಾತು. ಗಂಟು ತಂದೀನಿ, ಹೆಂಗಿತ್ತೋ ಹಂಗ ಸುತ್ತಿ ಕೊಡತೀನಿ. ಬಿಡಂತ ಹೇಳವ್ವಾ."

"ಒಳಗ ಬರ್ರಿ," ಎಂದು ಅವಳು ಕೈ ಚಾಚಿದಳು. ಚಾಚಿಕೊಂಡೇ ನಿಂತಳು. ಗಾಳಿ ಕೂಡ ಅಲುಗಲಿಲ್ಲ. ಅವನ ಬೆರಳುಗಳ ಸುತ್ತ ಹಿಡಿತ ಇನ್ನಷ್ಟು ಬಿಗಿಯಿತು.

ಅವಳ ಕೈ ಕೆಳಗಿಳಿಯಿತು.

"ನಾ ಕಟ್ಟಿ ಹಾಕಿದ್ದೆ ತಮ್ಮಾ. ಅವರಾಗೇ ಒಂದಿನಾ ನನ್ನ ಕೈ ಹಿಡೀಲಿಲ್ಲ. ನೀ ಕೊಟ್ಟಿ, ಅವರು ಹಿಡಿದ್ರು. ಇದನ್ನ ಬಿಚ್ಚಾಕ ಎಲ್ಲಿ ಗಂಟೈತಿ?"

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗೆ ಯಾರೂ ಇಲ್ಲದ ಮನೆಯ ಸದ್ದು.

ಸಂಜೆಯ ಬಸ್ಸು ಖಾಲಿಯಿತ್ತು. ಚಳಿ ಈಗ ಹೆಗಲು ದಾಟಿ ಎದೆಯ ಕಡೆಗೆ ಹೊರಟಿತ್ತು. "ಎಂತಮಂದಿ?" ಎಂದು ಕಂಡಕ್ಟರ್ ತೆಲುಗಿನಲ್ಲಿ ಎಷ್ಟು ಜನವೆಂದು ಕೇಳಿದ.

ರುದ್ರೇಶ ಕಿಟಕಿಯ ಕಡೆಗೆ ಸರಿದು ಜಾಗ ಬಿಟ್ಟ.

"ಇಬ್ಬರು," ಎಂದ.