ಕುದುರೆ ಕೂರಿಸಲು ಬಂದವನು

"ಮೊದ್ಲು ಕುದುರೆ ಬದಲಾಯಿಸ್ಬೇಕು ಮೇಡಂ," ಎಂದ ಮಲ್ಲಿಕಾರ್ಜುನ್.

ಸಿಂಚನಾ ಹುಬ್ಬೇರಿಸಿದಳು. "ನಮ್ಮೂರು ಕುಣಿಗಲ್ ನಿಜ. ಹಂಗಂತ ಮನೆಮನೇಲೂ ಕುದುರೆ ಕಟ್ಟಿರ್ತೀವಿ ಅನ್ಕೊಂಡ್ರಾ?"

ತುಮಕೂರಿನ ಉಪ್ಪಾರಹಳ್ಳಿಯ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ಅವನ ಅಪ್ಪನ ಕಾಲದಿಂದಲೂ ವೀಣೆ, ತಂಬೂರಿಗಳದೇ ಮಾತು. ತಂತಿಗಳನ್ನು ಹೊತ್ತು ನಿಲ್ಲುವ ತುಂಡಿಗೆ ಅಲ್ಲಿ ಕುದುರೆ ಎಂದೇ ಹೆಸರು. ಅವಳು ತಂದಿದ್ದು ಜಾಝ್ ಗಿಟಾರ್. ಉಬ್ಬಿದ ಎದೆ, ಅದರ ಮೇಲೆ ಪಿಟೀಲಿಗಿರುವಂಥ ಎರಡು ಸೀಳು. ನೋಡಲು ಬಲು ಠೀವಿ, ನುಡಿಸಿದರೆ ಕಂಬಳಿ ಹೊದ್ದು ಮಾತಾಡಿದಂಥ ದನಿ. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದಳು.

"ನಾನು ಮ್ಯೂಸಿಕ್ ಟೀಚರು. ಸ್ಕೂಲ್ ಹಾಲಲ್ಲಿ ಮೈಕ್ ಇಲ್ದೆ ನುಡಿಸ್ಬೇಕು, ಕೊನೇ ಬೆಂಚಿಗೂ ಕೇಳ್ಬೇಕು. ಆಗತ್ತಾ?"

"ಆಗತ್ತೆ. ಈ ಲೋಹದ ಕುದುರೆ ತೆಗ್ದು ಬೀಟೆ ಮರದ್ದು ಹಾಕ್ತೀನಿ. ತಂತೀನೂ ಸ್ವಲ್ಪ ದಪ್ಪಂದು. ಇದನ್ನ ಅಂಟ್ಸಲ್ಲ ಮೇಡಂ, ತಂತಿ ಬಿಗಿಗೇ ನಿಂತಿರತ್ತೆ. ಅದ್ರ ಪಾದ ಗಿಟಾರಿನ ಮೈಗೆ ಸಂದಿಲ್ದಂಗೆ ಕೂತ್ರೆ ದನಿ ತಾನಾಗೇ ಏಳತ್ತೆ."

"ಮೇಡಂ ಅನ್ಬೇಡಿ. ಸ್ಕೂಲಲ್ಲೇ ಇದೀನಿ ಅನ್ಸತ್ತೆ."

ಅಂದೇ ದಪ್ಪ ತಂತಿ ಹಾಕಿ ಕಳಿಸಿದ. ಬೀಟೆ ಮರ ಸಿಗುವವರೆಗೆ ಅಭ್ಯಾಸ ನಿಲ್ಲಬಾರದಲ್ಲ. ಮುಂದಿನ ವಾರ ಬಂದವಳು ಕೆಂಪಾದ ಬೆರಳ ತುದಿಗಳನ್ನು ಅವನ ಮೂಗಿನ ಮುಂದೆ ಹಿಡಿದಳು. "ನೋಡಿ, ನಿಮ್ಮಿಂದ." ಅವನು ಬೆರಳು ನೋಡಿದ, ಮುಖ ನೋಡಿದ, ಅವಳು ನೋಡುತ್ತಿರುವುದನ್ನು ನೋಡಿ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಆಮೇಲೆ ಕೆಲಸವಿರಲಿ ಇಲ್ಲದಿರಲಿ, ಅವಳು ಬಂದಳು. ಬರದ ದಿನ "ಕುದುರೆಗೆ ಹುಲ್ಲು ಹಾಕಿದ್ರಾ?" ಎಂದು ಮೆಸೇಜ್ ಬಂತು. ಅವನಿಗೆ ಅವಳೆಂದರೆ ಪ್ರಾಣ. ಹೇಳಲು ಮಾತ್ರ ಬಾಯಿ ಬರಲಿಲ್ಲ. ಕೊನೆಗೆ ಅವಳೇ ಫೋನ್ ಮಾಡಿದಳು.

"ಮಲ್ಲಿ, ಭಾನುವಾರ ನಮ್ಮನೆಗೆ ನೋಡೋಕೆ ಬನ್ನಿ," ದನಿ ಸಣ್ಣಗಾಗಿತ್ತು. "ರಾಹುಕಾಲಕ್ಕೆ ಮುಂಚೆ ಬನ್ನಿ. ಮನೇಲಿ ಹೇಳಿದೀನಿ. ನಿಮ್ಮಮ್ಮನ್ನೂ ಕರ್ಕೊಂಡ್ ಬನ್ನಿ."

ಹೊಸ ಕುದುರೆ ಅಂದು ಬೆಳಿಗ್ಗೆ ತಾನೇ ಸಿದ್ಧವಾಗಿತ್ತು, ಗಿಟಾರ್ ಅವಳ ಮನೆಯಲ್ಲಿತ್ತು. ಪುಣ್ಯಾತ್ಮನ ತಲೆಗೆ ಬೇರೇನೂ ಹೊಳೆಯಲಿಲ್ಲ.

"ಅಮ್ಮಂಗೆ ಮಂಡಿನೋವು, ಬಸ್ ಹತ್ತಲ್ಲ. ನಾನೊಬ್ನೇ ಬರ್ತೀನಿ. ಬರೀ ನೋಡೋದೇನು, ಅವತ್ತೇ ಫೈನಲ್ ಮಾಡ್ಬಿಡೋಣ."

"ಅಯ್ಯೋ, ಅಷ್ಟೊಂದು ಅವಸರಾನಾ!" ನಕ್ಕು ಫೋನ್ ಇಟ್ಟೇಬಿಟ್ಟಳು.

ಭಾನುವಾರ ಮಾಸಲು ಟೀಶರ್ಟ್ ತೊಟ್ಟು, ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ಕುಣಿಗಲ್‌ನಲ್ಲಿ ಇಳಿದ. ಮನೆಯಲ್ಲಿ ಜಮಖಾನ ಹಾಸಿತ್ತು. ಸಿಂಚನಾಳ ಸೋದರಮಾವ ಗಂಗಣ್ಣ ಗರಿಗರಿ ಬಿಳಿ ಶರ್ಟಿನಲ್ಲಿ ಕೂತಿದ್ದರು. ಒಳಗಿನಿಂದ ಕೇಸರಿಬಾತಿನ ಘಮ. ಇವನು ನಮಸ್ಕಾರ ಹೇಳಿ, "ಗಿಟಾರ್ ಎಲ್ಲಿದೆ ಸಾರ್?" ಎಂದ. ತಂದುಕೊಟ್ಟರು. ಅದರ ಎದೆಯ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ, ಕುದುರೆಯ ಪಾದ ಆ ಉಬ್ಬಿಗೆ ಸರಿಹೊಂದುವವರೆಗೆ ಹಿಂದೆ ಮುಂದೆ ಉಜ್ಜತೊಡಗಿದ. ಜಮಖಾನದ ತುಂಬ ಮರದ ಪುಡಿ ಬಿತ್ತು.

ತಟ್ಟೆ ಹಿಡಿದು ಸಿಂಚನಾ ಹೊರಗೆ ಬಂದಳು. ರೇಷ್ಮೆ ಸೀರೆ, ಮಲ್ಲಿಗೆ, ತುಟಿಯಂಚಿನಲ್ಲಿ ತಡೆದ ನಗು. ಅವನ ಕೈ ನಿಂತಿತು. ನೋಡೋಕೆ ಬನ್ನಿ ಎಂದದ್ದು ಯಾರನ್ನು ಎಂದು ಆಗ ಹೊಳೆಯಿತು.

ಗಂಗಣ್ಣ ಕೆಮ್ಮಿದರು. "ಅಲ್ಲಪ್ಪಾ, ನೀನು ನಮ್ ಹುಡುಗೀನ ನೋಡೋಕೆ ಬರ್ತಿದೀಯ ಅಂತ ನಾವ್ ಅನ್ಕೊಂಡಿದ್ವಿ. ಹಂಗೇನೂ ಇಲ್ವಾ?"

ನೋಡೋಕೇ ಬಂದೆ ಎಂದಿದ್ದರೆ ಮುಗಿದಿತ್ತು. ಮೈಮೇಲೆ ಹಳೇ ಟೀಶರ್ಟು, ಕೈತುಂಬ ಪುಡಿ, ಜೊತೆಗೆ ಅಮ್ಮ ಇಲ್ಲ, ಒಂದು ಮೊಳ ಹೂವೂ ತಂದಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದ. "ಇಲ್ಲ ಇಲ್ಲ ಸಾರ್," ಎಂದುಬಿಟ್ಟ. "ಅವ್ರು ನಮ್ ಕಸ್ಟಮರ್ ಅಷ್ಟೇ."

ಸಿಂಚನಾ ತಟ್ಟೆಯನ್ನು ಅವನ ಮುಂದಿಟ್ಟು ಒಳಗೆ ಹೋದಳು. ಅವನು ತಂತಿ ಬಿಗಿದು ಮೀಟಿದ. ಗಿಟಾರಿನ ದನಿ ಮನೆ ತುಂಬಿತು, ಚೆನ್ನಾಗಿದೆ ಎನ್ನುವವರು ಯಾರೂ ಇರಲಿಲ್ಲ.

ಅಂದಿನಿಂದ ಅವನ ಮೆಸೇಜಿಗೆ ಉತ್ತರವಿಲ್ಲ. ಮನೆಗೇ ಹೋಗಿ ಕೇಳಬೇಕೆಂದು ಎಷ್ಟೋ ಸಲ ಹೊರಟು ಬಸ್ ಸ್ಟ್ಯಾಂಡಿನಿಂದಲೇ ಹಿಂತಿರುಗಿದ. ಅಷ್ಟರಲ್ಲಿ ಗುಬ್ಬಿಯ ಕೊಬ್ಬರಿ ಮಂಡಿಯವರ ಮನೆಗೆ ಅವಳನ್ನು ಕೊಡುತ್ತಾರೆಂದು ಸುದ್ದಿ ಬಂತು. ಶಾಲೆಯ ಕಾರ್ಯಕ್ರಮದ ದಿನ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

ಕೊನೇ ಬೆಂಚಿನಲ್ಲಿ ಕೂತ. ಮೈಕಿಲ್ಲದೆ ಅವಳು ನುಡಿಸಿದಳು. ಒಂದೊಂದು ಸ್ವರವೂ ದುಂಡಗೆ, ಸ್ಪಷ್ಟವಾಗಿ ಅವನವರೆಗೆ ಬಂತು. ಮುಗಿದ ಮೇಲೆ ವೇದಿಕೆಯ ಪಕ್ಕ ಹೋಗಿ ನಿಂತ.

"ಅವತ್ತು ನಂಗೆ ಅರ್ಥ ಆಗ್ಲಿಲ್ಲ ಸಿಂಚನಾ. ಕುದುರೆ ನೋಡೋಕೆ ಅನ್ಕೊಂಡೆ."

"ಗೊತ್ತು. ನೀವು ಸ್ಯಾಂಡ್‌ಪೇಪರ್ ತೆಗ್ದಾಗ ಅಡುಗೆಮನೇಲಿ ನಾನೂ ಅಮ್ಮನೂ ಬಿದ್ದುಬಿದ್ದು ನಕ್ವಿ. 'ಪಾಪದ ಹುಡುಗ ಕಣೇ, ಇವ್ನೇ ಇರ್ಲಿ' ಅಂದ್ಲು ಅಮ್ಮ." ಅವಳು ಗಿಟಾರನ್ನು ಕೇಸಿನಲ್ಲಿ ಮಲಗಿಸಿದಳು. "ಅದು ಬಿಡಿ. ಆಮೇಲೆ ಮಾವ ಕೇಳಿದ್ರಲ್ಲ, ಆಗ ಅರ್ಥ ಆಗಿತ್ತಲ್ವಾ?"

"ಆಗಿತ್ತು. ಮುಖ ಎತ್ತೋಕಾಗ್ಲಿಲ್ಲ. ನೀವಂದ್ರೆ ನಂಗೆ ಜೀವ ಸಿಂಚನಾ. ಮೊದಲ್ನೇ ದಿನದಿಂದ್ಲೂ."

ಅವಳ ಕಣ್ಣು ತುಂಬಿತು. "ಮಾವ ಗೇಟ್ ಹತ್ರ ನಿಂತವ್ರೆ. ಈ ಮಾತು ಅವ್ರಿಗೆ ಹೇಳಿ. ಈಗ್ಲೇ. ಗುಬ್ಬಿಯವ್ರಿಗೆ ನಾನ್ ಹೇಳ್ಕೋತೀನಿ."

ಮಲ್ಲಿಕಾರ್ಜುನ್ ಗೇಟಿನ ಕಡೆ ನೋಡಿದ. ಗಂಗಣ್ಣ ಯಾರ್ಯಾರದೋ ಜೊತೆ ನಗುತ್ತಾ ನಿಂತಿದ್ದರು. ಸುತ್ತ ನೆಂಟರು, ಟೀಚರುಗಳು, ಮಕ್ಕಳು. ಎರಡು ಹೆಜ್ಜೆ ಇಟ್ಟು ನಿಂತ.

"ಇಷ್ಟೊಂದು ಜನ ಅವ್ರೆ," ಎಂದ. "ನಾಳೆ ಅಮ್ಮನ್ನ ಕರ್ಕೊಂಡು ಮನೆಗೇ..."

ಸಿಂಚನಾ ಬೇಸರಪಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ತೋಳನ್ನು ಮೆಲ್ಲಗೆ ಒಮ್ಮೆ ಮುಟ್ಟಿ ಕೇಸ್ ಎತ್ತಿಕೊಂಡಳು.

"ಹೋಗ್ತೀನಿ ಮಲ್ಲಿ," ಎಂದಳು. ಹೋಗಿ ಬರ್ತೀನಿ ಎನ್ನಲಿಲ್ಲ.