ಮಣ್ಣು ಮುಚ್ಚಿದ ಕೆಂಡ

"ಆ ಸಲಿಕೆ ಕೆಳಗಿಡು ಕೋಲ್ಟರ್. ನಾಚಿಕೆ ಆಗಲ್ವಾ ನಿಂಗೆ?"

ಮಾರ್ಲಿಸ್ ಸಿಟ್ಟಿನಿಂದ ಕಿರುಚಿದಳು. ನಿನ್ನೆಯವರೆಗೂ ಅವಳ ಡೇರೆ ಇದ್ದ ಜಾಗ ಅದು. ಬೆಳಿಗ್ಗೆ ಕಿತ್ತುಕೊಂಡು ಹೊಳೆಯ ಮೇಲ್ಗಡೆಗೆ ಹೋಗಿದ್ದಳು. ಮರೆತ ಕೆಟಲ್ ಹುಡುಕಿಕೊಂಡು ಬಂದರೆ, ಕಲ್ಲಿನ ಒಲೆಯಲ್ಲಿ ಹೊಗೆ... ಪಕ್ಕದಲ್ಲಿ ಮಸಿ ಮೆತ್ತಿದ ಮುಖದ ಕೋಲ್ಟರ್.

ಇವತ್ತಿನಿಂದ ಈ ಕಾಡಿನಲ್ಲಿ ಯಾರೂ ಬೆಂಕಿ ಹಾಕಬಾರದೆಂದು ರಸ್ತೆಯ ತಿರುವಿನಲ್ಲೇ ಫಲಕ ನೆಟ್ಟಿದ್ದರು. ಐಡಾಹೊದ ಆಗಸ್ಟ್, ಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಹಚ್ಚಿದವನಾದರೂ ಯಾರು? ಸೋಮವಾರದಿಂದ ಅರಣ್ಯದ ಬೆಂಕಿ ಆರಿಸುವ ತಂಡಕ್ಕೆ ಸೇರಬೇಕಾದವನು!

"ಮಾರ್ಲಿಸ್, ಒಂದ್ನಿಮಿಷ ಕೇಳು..."

"ಏನ್ ಕೇಳೋದು? ಮೀನು ಸುಟ್ಟು ತಿನ್ನೋ ಚಪಲ ತಡ್ಕೊಳ್ಳೋಕಾಗ್ಲಿಲ್ವಾ?"

ಒಂದು ವಾರದಿಂದ ಹೊಳೆದಂಡೆಯಲ್ಲಿ ಇಬ್ಬರೂ ಒಟ್ಟಿಗೆ ಕಾಫಿ ಕುಡಿದಿದ್ದರು. ಹೋಗಿ ಹೋಗಿ ಇಂಥವನ ಮೇಲೆ ಮನಸ್ಸಿಟ್ಟೆನಲ್ಲ... ಕಣ್ಣು ತುಂಬಿದ್ದು ಹೊಗೆಯಿಂದಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಮಾತಿಗೂ ನಿಲ್ಲದೆ ರಸ್ತೆಗೆ ಓಡಿ, ಕಾಡು ಕಾಯುವ ಹೋಲ್ಗೇಟ್ ಮೇಡಂ ಅವರನ್ನು ಕರೆತಂದಳು.

"ಯಾರಪ್ಪಾ ಹಚ್ಚಿದ್ದು?" ಎಂದರು ಮೇಡಂ.

ಕೋಲ್ಟರ್ ಮಾರ್ಲಿಸಳನ್ನೊಮ್ಮೆ ನೋಡಿದ. "ನಾನೇ."

"ಹಾಗಾದ್ರೆ ಸೋಮವಾರ ಬರ್ಬೇಡ. ನಿನ್ನಂಥೋನನ್ನ ತಂಡಕ್ಕೆ ಸೇರಿಸ್ಕೊಂಡು ನಾವೇನ್ ಮಾಡೋಣ?"

ಮೇಡಂ ಅಲ್ಲಿದ್ದ ಕೋಲ್ಟರನ ಬಕೆಟ್ಟಿನ ನೀರು ಸುರಿದರು. ಒಲೆ ಬುಸ್ಸೆಂದಿತು. ಅವರು ಬಗ್ಗಿ ನೋಡಿದರು.

"ಇದೇನಿದು, ಕೆಂಡ ಬೇರಿನೊಳಗೇ ಹೊಕ್ಕಿದೆ. ಇದು ಇವತ್ತಿನ ಬೆಂಕಿ ಅಲ್ಲ. ನೀರು ಹಾಕದೆ ಬರೀ ಮಣ್ಣು ಮುಚ್ಚಿದ್ರೆ ಹಿಂಗೇ, ಒಳಗೊಳಗೇ ಉರೀತಾ ಹೋಗುತ್ತೆ."

ಮಾರ್ಲಿಸ್ ಕೋಲ್ಟರನ ಸಲಿಕೆ ನೋಡಿದಳು. ನಿನ್ನೆ ಸಂಜೆ ಒಲೆಗೆ ಮಣ್ಣು ಮುಚ್ಚಿ ತುಳಿದವಳು ಅವಳೇ. ಅವಳಪ್ಪ ಯಾವಾಗಲೂ ಹಾಗೇ ಮಾಡುತ್ತಿದ್ದ. ಕೋಲ್ಟರ್ ಬೆಂಕಿ ಹಚ್ಚಿರಲಿಲ್ಲ. ಅವಳು ಬಿಟ್ಟುಹೋದ ಬೆಂಕಿಯನ್ನು ಅಗೆದು ಆರಿಸುತ್ತಿದ್ದ.

"ಮೇಡಂ, ಇವನು ಸುಳ್ಳು ಹೇಳ್ತಿದ್ದಾನೆ. ಬೆಂಕಿ ನಂದು. ಮಣ್ಣು ಮುಚ್ಚಿದ್ದೂ ನಾನೇ."

ಹೋಲ್ಗೇಟ್ ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಸರಿ. ನೀನು ಡೇರೆ ಕಿತ್ಕೊಂಡು ಹೊರಡು, ಈ ವರ್ಷ ಈ ಕಾಡಿನ ಕಡೆ ತಲೆ ಹಾಕ್ಬೇಡ. ಕೋಲ್ಟರ್, ನೀನು ಸೋಮವಾರ ಬಾ, ಸುಳ್ಳು ಹೇಳೋದು ಬಿಟ್ಟು ಬಾ."

ಅವರ ಗಾಡಿ ಮರೆಯಾಗುತ್ತಲೇ ಮಾರ್ಲಿಸ್ ತಿರುಗಿ ಬಿದ್ದಳು.

"ಬಾಯಿ ಬಿದ್ದು ಹೋಗಿತ್ತಾ ನಿಂಗೆ?"

"ಹೇಳೋಕೆ ನೀನೆಲ್ಲಿ ಬಿಟ್ಟೆ?"

"ಅವರ ಮುಂದೆ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನಿನ್ನ ಇಲ್ಲಿಂದ ಓಡಿಸ್ತಿದ್ರು."

"ಅದಕ್ಕೆ ಸಿಕ್ಕಿದ ಕೆಲಸ ಕಳ್ಕೊಳ್ತೀಯಾ, ಮಂಕೆ? ನನ್ನನ್ನ ಒಂದು ಮಾತೂ ಕೇಳದೆ ನಂಗೋಸ್ಕರ ತ್ಯಾಗ ಮಾಡೋಕೆ ನೀನ್ಯಾರು?"

"ನಿನ್ನ ಪ್ರೀತಿಸೋನು."

ಮಾರ್ಲಿಸ್ ಅವನ ಕೈ ನೋಡಿದಳು. ಕೆಂಡ ಆರಿದೆಯೇ ಎಂದು ಬರಿಗೈಯಲ್ಲಿ ಬೂದಿ ಮುಟ್ಟಿ ನೋಡಿ ಅವನ ಬೆರಳುಗಳು ಬೊಬ್ಬೆ ಎದ್ದಿದ್ದವು. ಆ ಕೈಯನ್ನು ಎಳೆದು ಬಕೆಟ್ಟಿನಲ್ಲಿ ಉಳಿದ ನೀರಿಗೆ ಅದ್ದಿ, ಹಾಗೇ ಹಿಡಿದುಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇನ್ನೊಂದ್ಸಲ ನಂಗೋಸ್ಕರ ಸುಳ್ಳು ಹೇಳಿದ್ರೆ ನೋಡು..."

"ಹೇಳಲ್ಲ."

"ಈಗ ಪ್ರೀತಿ ಅಂದಿದ್ದು?"

"ಅದು ನಿಜ."

"ಹಾಗಾದ್ರೆ... ಅದನ್ನ ಮಾತ್ರ ಇನ್ನೊಂದ್ಸಲ ಹೇಳು."